ಎಷ್ಟನೇ ತಿಂಗಳವರೆಗೆ ವಿಮಾನ ಹತ್ತಬಹುದು? ಬಸುರಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಟಿಕೆಟ್ ಕೌಂಟರಿಗೆ ಬರುವ ಬಸುರಿಯರು, ಅವರ ಗಂಡಂದಿರು, ಅವರಿಗಿಂತ ಜಾಸ್ತಿ ಅವರ ಅಮ್ಮಂದಿರು ಕೇಳುವ ಪ್ರಶ್ನೆಗಳಿವು. ನಾವು ಟಿಕೆಟ್ ಮಾಡಿಕೊಡುವವರು, ಡಾಕ್ಟರ್ ಅಲ್ಲ. ಆರೋಗ್ಯದ ಬಗ್ಗೆ ಇಲ್ಲಿರುವುದು ಪ್ರಸೂತಿ ತಜ್ಞರು ಎಲ್ಲರಿಗೂ ಹೇಳುವ ಮಾತು. ನಿಮ್ಮೊಬ್ಬರ ವಿಷಯಕ್ಕೆ ಬಂದರೆ ನಿಮ್ಮನ್ನು ನೋಡುತ್ತಿರುವ ಡಾಕ್ಟರ್ ಹೇಳಿದ್ದೇ ಕೊನೆ.

ಬಸುರಿಯಾಗಿದ್ದಾಗ ವಿಮಾನದಲ್ಲಿ ಹೋಗಬಹುದಾ?

ಹೋಗಬಹುದು. ತೊಂದರೆಯಿಲ್ಲದ ಬಸುರಿಗೆ ಆಗೊಮ್ಮೆ ಈಗೊಮ್ಮೆ ವಿಮಾನ ಹತ್ತುವುದರಿಂದ ಅಪಾಯವಿಲ್ಲ ಎಂದು ಅಮೆರಿಕ, ಬ್ರಿಟನ್‌ನ ಪ್ರಸೂತಿ ತಜ್ಞರ ಸಂಸ್ಥೆಗಳು ಹೇಳುತ್ತವೆ. ಅತ್ಯಂತ ಆರಾಮದ ಕಾಲ ಅಂದರೆ 14ರಿಂದ 28 ವಾರ. ವಾಂತಿ, ಸುಸ್ತು ಕಡಿಮೆಯಾಗಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ, ಡಾಕ್ಟರ ಸರ್ಟಿಫಿಕೇಟಿನ ಗೊಡವೆಯೂ ಸಾಮಾನ್ಯವಾಗಿ ಇರುವುದಿಲ್ಲ. ದಿನ ಆರಿಸಿಕೊಳ್ಳುವ ಅವಕಾಶ ನಿಮ್ಮ ಕೈಯಲ್ಲಿದ್ದರೆ ಈ ಹೊತ್ತನ್ನೇ ಆರಿಸಿಕೊಳ್ಳಿ.

ಎಷ್ಟನೇ ತಿಂಗಳವರೆಗೆ ಬಿಡುತ್ತಾರೆ?

ಮೊದಲ ತೊಡಕು ಈ ಪ್ರಶ್ನೆಯಲ್ಲೇ ಇದೆ. ನಾವು ತಿಂಗಳಲ್ಲಿ ಎಣಿಸುತ್ತೇವೆ, ಏರ್‌ಲೈನ್‌ನವರು ವಾರದಲ್ಲಿ ಎಣಿಸುತ್ತಾರೆ. "ಏಳು ತುಂಬಿ ಎಂಟರಲ್ಲಿದೆ" ಎಂದರೆ ಅಜ್ಜಿಗೆ ಎಲ್ಲಾ ಅರ್ಥವಾಗುತ್ತದೆ. ಚೆಕ್-ಇನ್ ಕೌಂಟರಿನಲ್ಲಿ ಕೂತ ಹುಡುಗನಿಗೆ ಅದು 31 ವಾರವೋ 34 ವಾರವೋ ಗೊತ್ತಾಗುವುದಿಲ್ಲ. ಆ ಮೂರು ವಾರದ ಒಳಗೇ ನಿಯಮ ಬದಲಾಗಿರುತ್ತದೆ.

ಸಾಮಾನ್ಯ ಲೆಕ್ಕ ಹೀಗಿದೆ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ, ಹೊಟ್ಟೆಯಲ್ಲಿ ಒಂದೇ ಮಗು ಇದ್ದು ಬೇರೆ ತೊಂದರೆ ಇಲ್ಲದಿದ್ದರೆ, ಸುಮಾರು 32 ವಾರದವರೆಗೆ ಹೆಚ್ಚಿನ ತಕರಾರಿಲ್ಲ. ಅದರಾಚೆ 'ಫಿಟ್ ಟು ಫ್ಲೈ' ಸರ್ಟಿಫಿಕೇಟ್, ಅಂದರೆ ವಿಮಾನ ಹತ್ತಲು ಯೋಗ್ಯರು ಅಂತ ಡಾಕ್ಟರ್ ಬರೆದುಕೊಡುವ ಪತ್ರ, ಕೇಳುತ್ತಾರೆ. 36 ವಾರ ಹತ್ತಿರ ಬಂದ ಮೇಲೆ ಹತ್ತಿಸಿಕೊಳ್ಳುವುದೇ ಕಷ್ಟ. ಕೊಲ್ಲಿ ದೇಶದ ಏರ್‌ಲೈನ್‌ಗಳು ಇನ್ನೂ ಬೇಗ ಕಾಗದ ಕೇಳುತ್ತವೆ. ಎಮಿರೇಟ್ಸ್‌ನಲ್ಲಿ 29 ವಾರದಿಂದಲೇ ಸರ್ಟಿಫಿಕೇಟ್ ಬೇಕು. ಅವಳಿ ಮಕ್ಕಳಿದ್ದರೆ ಎಲ್ಲೆಡೆ ಗಡುವು ಮುಂಚೆಯೇ ಮುಗಿಯುತ್ತದೆ, ಹಲವು ಕಡೆ 32 ವಾರಕ್ಕೆ.

ಈ ನಿಯಮಗಳು ಒಂದೊಂದು ಏರ್‌ಲೈನ್‌ಗೆ ಒಂದೊಂದು ಥರ, ಆಗಾಗ ಬದಲಾಗುವುದೂ ಉಂಟು. ಪಕ್ಕದ ಮನೆಯವರು ಹೋದ ವರ್ಷ ಹೋಗಿ ಬಂದರು ಅನ್ನುವುದು ಆಧಾರವಲ್ಲ. ಟಿಕೆಟಿಗೆ ದುಡ್ಡು ಕಟ್ಟುವ ಮೊದಲು ಆಯಾ ಏರ್‌ಲೈನ್‌ನ ವೆಬ್‌ಸೈಟಿನಲ್ಲಿ ಬಸುರಿಯರ ನಿಯಮ ಇರುವ ಪುಟ ಓದಿ. ಎರಡು ಏರ್‌ಲೈನ್ ಬದಲಿಸುವ ಪ್ರಯಾಣವಾದರೆ ಎರಡರದ್ದೂ ಓದಿ. ಬಿಗಿಯಾದ ನಿಯಮ ಯಾವುದೋ ಅದೇ ನಿಮ್ಮ ನಿಯಮ.

ನನ್ನ ವಾರ ಎಷ್ಟು ಅಂತ ತಿಳಿಯುವುದು ಹೇಗೆ?

ಸ್ಕ್ಯಾನ್ ರಿಪೋರ್ಟ್ ಅಥವಾ ತಾಯಿ ಕಾರ್ಡ್ ತೆಗೆಯಿರಿ. ಅದರಲ್ಲಿ ಇಡಿಡಿ ಅಂತ ಒಂದು ತಾರೀಕು ಇರುತ್ತದೆ. ಅದೇ ಹೆರಿಗೆಯ ಅಂದಾಜು ದಿನ, ಅಂದರೆ 40 ವಾರ ತುಂಬುವ ದಿನ. ಅಲ್ಲಿಂದ ಹಿಂದಕ್ಕೆ ಎಣಿಸಿ. 28 ದಿನ ಹಿಂದೆ ಹೋದರೆ 36 ವಾರ, 56 ದಿನ ಹಿಂದೆ ಹೋದರೆ 32 ವಾರ, 84 ದಿನ ಹಿಂದೆ ಹೋದರೆ 28 ವಾರ.

ಒಂದು ಉದಾಹರಣೆ ನೋಡೋಣ. ಇಡಿಡಿ ಡಿಸೆಂಬರ್ 20 ಅಂದುಕೊಳ್ಳಿ. 36 ವಾರ ತುಂಬುವುದು ನವೆಂಬರ್ 22ಕ್ಕೆ, 32 ವಾರ ತುಂಬುವುದು ಅಕ್ಟೋಬರ್ 25ಕ್ಕೆ, 28 ವಾರ ತುಂಬುವುದು ಸೆಪ್ಟೆಂಬರ್ 27ಕ್ಕೆ. ಈ ಮೂರು ತಾರೀಕು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಮೊದಲನೆಯದು, '32ನೇ ವಾರ' ಬೇರೆ, '32 ವಾರ ತುಂಬಿದೆ' ಬೇರೆ. 31 ತುಂಬಿದ ಮರುದಿನದಿಂದಲೇ 32ನೇ ವಾರ ನಡೆಯುತ್ತಿರುತ್ತದೆ. ಏರ್‌ಲೈನ್ ಯಾವುದನ್ನು ಬರೆದಿದೆ ಅಂತ ಗಮನಿಸಿ. ಎರಡನೆಯದು, ಲೆಕ್ಕ ಹಿಡಿಯಬೇಕಾದ್ದು ಟಿಕೆಟ್ ಮಾಡುವ ದಿನದ್ದಲ್ಲ, ವಿಮಾನ ಹತ್ತುವ ದಿನದ್ದು. ಹೋಗಿ ಬರುವ ಟಿಕೆಟಾದರೆ ವಾಪಸ್ ಬರುವ ದಿನದ್ದೂ ಲೆಕ್ಕಕ್ಕೆ ಬರುತ್ತದೆ. ಹೋಗುವಾಗ 30 ವಾರ, ಬರುವಾಗ 34 ವಾರ ಆಗಿದ್ದರೆ ಹೋಗುವಾಗ ಯಾರೂ ಏನೂ ಕೇಳುವುದಿಲ್ಲ, ಬರುವಾಗ ಕೌಂಟರಿನಲ್ಲೇ ನಿಲ್ಲಿಸುತ್ತಾರೆ.

ಮುಟ್ಟಿನ ತಾರೀಕಿನ ಲೆಕ್ಕಕ್ಕೂ ಸ್ಕ್ಯಾನ್ ಲೆಕ್ಕಕ್ಕೂ ವ್ಯತ್ಯಾಸ ಬಂದರೆ ಯಾವುದನ್ನು ಹಿಡಿಯಬೇಕು ಅಂತ ಡಾಕ್ಟರನ್ನೇ ಕೇಳಿ, ಅದನ್ನೇ ಎಲ್ಲಾ ಕಾಗದದಲ್ಲೂ ಬರೆಸಿ. ಒಂದರಲ್ಲಿ ಒಂದು ತಾರೀಕು, ಇನ್ನೊಂದರಲ್ಲಿ ಇನ್ನೊಂದು ತಾರೀಕು ಇದ್ದರೆ ಏರ್‌ಪೋರ್ಟಿನಲ್ಲಿ ಉತ್ತರ ಹೇಳುತ್ತಾ ನಿಲ್ಲಬೇಕಾಗುತ್ತದೆ.

ಸೀಮಂತ ಮುಗಿಸಿಕೊಂಡು ತವರಿಗೆ ಹೋಗಬೇಕು. ಯಾವಾಗ ಟಿಕೆಟ್ ಮಾಡಲಿ?

ಐದರಲ್ಲೋ ಏಳರಲ್ಲೋ ಸೀಮಂತ ಮಾಡುವವರಿಗೆ ಚಿಂತೆಯಿಲ್ಲ. ಏಳನೇ ತಿಂಗಳು ನಡೆಯುತ್ತಿದೆ ಅಂದರೆ ಹೆಚ್ಚುಕಡಿಮೆ 27ರಿಂದ 30 ವಾರ. ಸೀಮಂತ ಮುಗಿಸಿ ಅದೇ ವಾರದಲ್ಲಿ ಹೊರಟರೆ ದೇಶದೊಳಗೆ ಸಲೀಸು.

ಒಂಬತ್ತರಲ್ಲಿ ಮಾಡುವ ಮನೆಗಳಿಗೇ ಪೇಚು. ಒಂಬತ್ತನೇ ತಿಂಗಳು ಶುರುವಾಗುವ ಹೊತ್ತಿಗೆ 35 ವಾರ ಆಗಿರುತ್ತದೆ. ಹಸಿರು ಸೀರೆ, ಹಸಿರು ಬಳೆ, ಆರತಿ, ಫೋಟೋ ಎಲ್ಲಾ ಮುಗಿಯುವಷ್ಟರಲ್ಲಿ ವಿಮಾನದ ಬಾಗಿಲು ಮುಚ್ಚಿರುತ್ತದೆ. ಇಂಥವರಿಗೆ ನಾವು ಹೇಳುವುದು ಒಂದೇ: ಸೀಮಂತ ಮುಂಚೆ ಮಾಡಿ, ಇಲ್ಲವೇ ಮೊದಲು ತವರಿಗೆ ಹೋಗಿ ಅಲ್ಲೇ ಸೀಮಂತ ಮಾಡಿಸಿಕೊಳ್ಳಿ, ಗಂಡನ ಮನೆಯವರೇ ಬರಲಿ. ಬೀಗರ ಮನೆಗೆ ನಾಲ್ಕು ಜನ ಬರುವುದು ತುಂಬುಬಸುರಿಯನ್ನು ಓಡಾಡಿಸುವುದಕ್ಕಿಂತ ಸುಲಭ, ಅಲ್ವಾ? ಪುರೋಹಿತರನ್ನು ಕೇಳಿ ಮುಹೂರ್ತ ಇಡುವ ಮೊದಲೇ 32 ವಾರ ತುಂಬುವ ತಾರೀಕನ್ನು ಅವರ ಮುಂದಿಡಿ. ಅದಕ್ಕಿಂತ ಹಿಂದಿನ ದಿನ ಹುಡುಕಿ ಕೊಡುತ್ತಾರೆ.

ದುಬೈ, ದಮ್ಮಾಮ್, ಮಸ್ಕತ್‌ನಿಂದ ಮಂಗಳೂರಿಗೆ ಬರುವವರು ಇನ್ನೂ ಒಂದು ತಿಂಗಳು ಹಿಂದಕ್ಕೆ ಯೋಚಿಸಿ. 28 ವಾರದೊಳಗೆ ಬಂದರೆ ಕಾಗದದ ರಗಳೆಯೂ ಕಡಿಮೆ, ಇಲ್ಲಿ ಹೆರಿಗೆ ಮಾಡಿಸುವ ಡಾಕ್ಟರ್ ನಿಮ್ಮನ್ನು ನಾಲ್ಕಾರು ಸಲ ನೋಡಿಕೊಳ್ಳಲೂ ಸಮಯ ಸಿಗುತ್ತದೆ.

ಎಂಟನೇ ತಿಂಗಳಲ್ಲಿ ಪ್ರಯಾಣ ಮಾಡಲೇಬಾರದು ಅಂತಾರೆ ನಮ್ಮತ್ತೆ. ನಿಜಾನಾ?

ಎಂಟಕ್ಕೆ ಅಂತ ವೈದ್ಯಕೀಯದಲ್ಲಿ ಪ್ರತ್ಯೇಕ ನಿಷೇಧವೇನೂ ಇಲ್ಲ. ಒಂಬತ್ತಕ್ಕಿಂತ ಎಂಟು ಕೆಟ್ಟದ್ದು ಅನ್ನುವುದೂ ಸರಿಯಲ್ಲ. ಆದರೆ ಅತ್ತೆಯ ಮಾತು ತೀರಾ ಗಾಳಿಯದ್ದೂ ಅಲ್ಲ. ದಾರಿಯಲ್ಲಿ ನೋವು ಶುರುವಾದರೆ ಹುಟ್ಟುವ ಮಗುವಿಗೆ ತಿಂಗಳು ತುಂಬಿರುವುದಿಲ್ಲ, ಅದನ್ನು ಉಳಿಸಿಕೊಳ್ಳಲು ದೊಡ್ಡ ಆಸ್ಪತ್ರೆಯೇ ಬೇಕು. ಅತ್ತೆಗೆ ಎದುರು ಮಾತಾಡುವ ಬದಲು ಏಳರಲ್ಲೇ ಹೊರಟುಬಿಡಿ. ಇಬ್ಬರ ಮಾತೂ ಉಳಿಯುತ್ತದೆ.

ಯಾರು ಹೋಗಬಾರದು?

ಬ್ಲೀಡಿಂಗ್ ಆಗುತ್ತಿರುವವರು. ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರುವವರು. ಮಾಸು ಕೆಳಗಿದೆ ಅಂತ ಡಾಕ್ಟರ್ ಎಚ್ಚರಿಸಿರುವವರು. ಹಿಂದೆ ದಿನ ತುಂಬುವ ಮೊದಲೇ ಹೆರಿಗೆಯಾಗಿರುವವರು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡಿರುವವರು. ರಕ್ತ ತೀರಾ ಕಡಿಮೆ ಇರುವವರು. ಬ್ರಿಟನ್ನಿನ ತಜ್ಞರು ಹಿಮೋಗ್ಲೋಬಿನ್ 7.5ಕ್ಕಿಂತ ಕೆಳಗಿದ್ದರೆ ವಿಮಾನ ಬೇಡ ಎನ್ನುತ್ತಾರೆ. ನಮ್ಮಲ್ಲಿ ರಕ್ತ ಕಡಿಮೆ ಇರುವ ಬಸುರಿಯರು ಬಹಳ, ಹಾಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇವೆ. ಹೊರಡುವ ಮುಂಚೆ ಒಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಹೃದಯದ, ಶ್ವಾಸಕೋಶದ ಕಾಯಿಲೆ ಇರುವವರೂ ಡಾಕ್ಟರ್ ಒಪ್ಪಿದರೆ ಮಾತ್ರ ಹೊರಡಬೇಕು.

ಇವುಗಳಲ್ಲಿ ಕೆಲವಕ್ಕೆ ಖಡಾಖಂಡಿತ ಬೇಡ ಅನ್ನುತ್ತಾರೆ, ಕೆಲವಕ್ಕೆ ನೋಡಿಕೊಂಡು ಹೋಗಿ ಅನ್ನುತ್ತಾರೆ. ಅದನ್ನು ನೀವೇ ತೀರ್ಮಾನ ಮಾಡಬೇಡಿ.

ಮೊದಲ ಮೂರು ತಿಂಗಳಲ್ಲಿ ಹೋದರೆ ಗರ್ಭ ನಿಲ್ಲುವುದಿಲ್ಲವಂತೆ?

ವಿಮಾನ ಹತ್ತಿದ್ದಕ್ಕೆ ಗರ್ಭಪಾತ ಆಗುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಗರ್ಭಪಾತ ಆಗುವ ಸಂಭವ ಮನೆಯಲ್ಲಿ ಕೂತವರಿಗೂ ಇದ್ದೇ ಇರುತ್ತದೆ. ಮಗುವಿನ ಬೆಳವಣಿಗೆಯಲ್ಲೇ ಆದ ಏರುಪೇರು ಅದರ ಮುಖ್ಯ ಕಾರಣ. ಪ್ರಯಾಣದ ಮೇಲೆ ತಪ್ಪು ಹೊರಿಸುವುದು, ಆಮೇಲೆ ಆ ಹೆಣ್ಣುಮಗಳನ್ನೇ ದೂರುವುದು ನಮ್ಮಲ್ಲಿ ಇನ್ನೂ ನಡೆಯುತ್ತಿದೆ. ಅದು ಅನ್ಯಾಯ.

ಆದರೆ ಒಂದು ಕೆಲಸ ಮಾಡಿ. ಒಂದು ಸ್ಕ್ಯಾನ್ ಆಗಿ ಗರ್ಭ ಗರ್ಭಕೋಶದೊಳಗೇ ನಿಂತಿದೆ ಅಂತ ಖಾತ್ರಿಯಾದ ಮೇಲೆ ದೂರ ಹೋಗಿ. ಗರ್ಭಕೋಶದ ಪಕ್ಕದ ನಾಳದಲ್ಲಿ ನಿಂತಿದ್ದರೆ ಅದು ಒಡೆದು ಪ್ರಾಣಕ್ಕೇ ಕುತ್ತು ಬರಬಹುದು, ಆಕಾಶದಲ್ಲಿ ಆಪರೇಷನ್ ಮಾಡುವವರು ಯಾರೂ ಇರುವುದಿಲ್ಲ.

ಫಿಟ್ ಟು ಫ್ಲೈ ಸರ್ಟಿಫಿಕೇಟ್‌ನಲ್ಲಿ ಏನೇನು ಇರಬೇಕು?

ಡಾಕ್ಟರ ಅಥವಾ ಆಸ್ಪತ್ರೆಯ ಲೆಟರ್‌ಹೆಡ್ ಮೇಲೆ ಇರಬೇಕು. ನಿಮ್ಮ ಹೆಸರು ಟಿಕೆಟಿನಲ್ಲಿರುವ ಹಾಗೇ ಇರಬೇಕು. ಎಷ್ಟು ವಾರ, ಹೆರಿಗೆಯ ಅಂದಾಜು ದಿನ ಯಾವುದು, ಮಗು ಒಂದೋ ಎರಡೋ, ತೊಂದರೆ ಏನಾದರೂ ಇದೆಯೋ ಇಲ್ಲವೋ, ಇಂಥ ದಿನ ವಿಮಾನ ಪ್ರಯಾಣ ಮಾಡಲು ಯೋಗ್ಯರು ಎಂಬ ಮಾತು. ಕೆಳಗೆ ಸಹಿ, ಸೀಲು, ಡಾಕ್ಟರ ನೋಂದಣಿ ಸಂಖ್ಯೆ, ತಾರೀಕು. ಹೊರದೇಶಕ್ಕಾದರೆ ಇಂಗ್ಲಿಷಿನಲ್ಲಿ ಬರೆಸಿ.

ತಾರೀಕೇ ಎಲ್ಲರನ್ನೂ ಕೆಡಿಸುವುದು. ಹೋದ ತಿಂಗಳು ಚೆಕಪ್‌ಗೆ ಹೋದಾಗಲೇ ಬರೆಸಿಟ್ಟುಕೊಂಡೆ ಅಂತ ಮುತುವರ್ಜಿಯಿಂದ ತರುತ್ತಾರೆ. ಅದು ನಡೆಯುವುದಿಲ್ಲ. ಪ್ರಯಾಣಕ್ಕೆ ಇಂತಿಷ್ಟೇ ದಿನ ಮೊದಲು ಬರೆಸಿದ್ದಿರಬೇಕು ಅಂತ ಪ್ರತಿ ಏರ್‌ಲೈನ್ ಮಿತಿ ಹಾಕಿರುತ್ತದೆ, ಅದು ಕೆಲವೇ ದಿನಗಳ ಮಾತು. ಹಾಗಾಗಿ ಮಿತಿ ಎಷ್ಟು ಅಂತ ನೋಡಿಕೊಂಡು ಆ ವಾರಕ್ಕೇ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಕೆಲವು ಏರ್‌ಲೈನ್‌ಗಳಿಗೆ ತಮ್ಮದೇ ಫಾರಂ ಇದೆ, ಅದನ್ನು ಪ್ರಿಂಟ್ ತೆಗೆದು ಡಾಕ್ಟರ ಮುಂದಿಟ್ಟರೆ ಕೆಲಸ ಸುಲಭ. ಒಂದು ಕಾಪಿ ಫೋನಿನಲ್ಲಿರಲಿ, ಒಂದು ಕೈಚೀಲದಲ್ಲಿರಲಿ. ಜೊತೆಗೆ ತಾಯಿ ಕಾರ್ಡ್, ಕೊನೆಯ ಸ್ಕ್ಯಾನ್, ರಕ್ತದ ಗುಂಪಿನ ರಿಪೋರ್ಟ್, ಮಾತ್ರೆಯ ಚೀಟಿ. ಇವು ಯಾವುದನ್ನೂ ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ.

ಹೊಟ್ಟೆ ಕಾಣಿಸುವುದಿಲ್ಲ, ಸುಮ್ನೆ ಹೇಳದೆ ಹೋದರೆ?

ಬೇಡ. ಸಿಕ್ಕಿಬೀಳುತ್ತೀರಿ ಅನ್ನುವುದು ದೊಡ್ಡ ಮಾತಲ್ಲ. ಒಳಗೆ ಏನಾದರೂ ಆದರೆ ವಿಮಾನದ ಸಿಬ್ಬಂದಿಗೆ ನೀವು ಎಷ್ಟು ವಾರದ ಬಸುರಿ ಅಂತ ಗೊತ್ತಿರುವುದಿಲ್ಲ. ಅದು ಗೊತ್ತಿದ್ದರೆ ಅವರು ಮಾಡುವುದೇ ಬೇರೆ. ಟಿಕೆಟ್ ಮಾಡುವಾಗ ಹೇಳಿದರೆ ವ್ಹೀಲ್‌ಚೇರ್, ಸೀಟು ಎಲ್ಲಾ ಮೊದಲೇ ಏರ್ಪಾಡಾಗುತ್ತದೆ. ವ್ಹೀಲ್‌ಚೇರ್ ಕೇಳಲು ನಾಚಿಕೆ ಬೇಡ. ದೊಡ್ಡ ಏರ್‌ಪೋರ್ಟಿನಲ್ಲಿ ಬಾಗಿಲಿಂದ ಗೇಟಿನವರೆಗೆ ನಡೆಯುವ ದೂರ ಕಡಿಮೆಯೇನಲ್ಲ.

ಮೇಲೆ ಗಾಳಿ ಕಡಿಮೆ ಇರುತ್ತದಲ್ಲ, ಮಗುವಿಗೆ ಆಕ್ಸಿಜನ್ ಸಾಲುತ್ತಾ?

ಸಾಲುತ್ತದೆ. ವಿಮಾನ 35 ಸಾವಿರ ಅಡಿಯಲ್ಲಿ ಹಾರುತ್ತಿದ್ದರೂ ಒಳಗಿನ ಗಾಳಿಯ ಒತ್ತಡವನ್ನು 6,000ದಿಂದ 8,000 ಅಡಿ ಎತ್ತರದ ಜಾಗದಷ್ಟು ಇಟ್ಟಿರುತ್ತಾರೆ. ಮುಳ್ಳಯ್ಯನಗಿರಿಯ ತುದಿ ಸುಮಾರು 6,300 ಅಡಿ, ಊಟಿ 7,300 ಅಡಿ. ಅಂದರೆ ವಿಮಾನದೊಳಗೆ ಕೂತಿರುವುದು ಊಟಿಯಲ್ಲಿ ಕೂತಷ್ಟೇ. ಊಟಿಯಲ್ಲೂ ಹೆಂಗಸರು ಬಸುರಿಯಾಗುತ್ತಾರೆ, ಹೆರುತ್ತಾರೆ.

ಹೊಟ್ಟೆಯೊಳಗಿನ ಮಗುವಿನ ಹಿಮೋಗ್ಲೋಬಿನ್ ನಮ್ಮದಕ್ಕಿಂತ ಬೇರೆ ಬಗೆಯದ್ದು. ಆಕ್ಸಿಜನ್ ಕಡಿಮೆ ಇದ್ದರೂ ಅದನ್ನು ಗಟ್ಟಿಯಾಗಿ ಎಳೆದುಕೊಳ್ಳುತ್ತದೆ. ಆದ್ದರಿಂದ ಅಮ್ಮನಿಗೆ ಸ್ವಲ್ಪ ಕಡಿಮೆಯಾದರೂ ಮಗುವಿಗೆ ಅದರ ಬಿಸಿ ತಟ್ಟುವುದಿಲ್ಲ. ಅಮ್ಮನಿಗೇ ರಕ್ತ ತೀರಾ ಕಡಿಮೆ ಇದ್ದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ. ಮೇಲೆ ಹಿಮೋಗ್ಲೋಬಿನ್ ಬಗ್ಗೆ ಅಷ್ಟು ಹೇಳಿದ್ದು ಅದಕ್ಕೇ.

ಸೆಕ್ಯುರಿಟಿ ಚೆಕ್‌ನ ಮಷೀನಿನಿಂದ, ಮೇಲಿನ ವಿಕಿರಣದಿಂದ ತೊಂದರೆ ಇಲ್ವಾ?

ನೀವು ದಾಟಿ ಹೋಗುವ ಬಾಗಿಲು ಲೋಹ ಹುಡುಕುವ ಯಂತ್ರ, ಎಕ್ಸ್-ರೇ ಅಲ್ಲ. ಎಕ್ಸ್-ರೇ ಇರುವುದು ಬ್ಯಾಗು ಹೋಗುವ ಡಬ್ಬಿಯೊಳಗೆ. ಕೈ ಎತ್ತಿ ನಿಲ್ಲಿಸುವ ಹೊಸ ಬಾಡಿ ಸ್ಕ್ಯಾನರುಗಳೂ ಎಕ್ಸ್-ರೇ ಬಳಸುವುದಿಲ್ಲ, ಅವು ಮಿಲಿಮೀಟರ್ ತರಂಗದವು. ನಮ್ಮ ಏರ್‌ಪೋರ್ಟುಗಳಲ್ಲಿ ಹೆಂಗಸರನ್ನು ಪರದೆಯ ಮರೆಯಲ್ಲಿ ಮಹಿಳಾ ಸಿಬ್ಬಂದಿಯೇ ತಪಾಸಣೆ ಮಾಡುತ್ತಾರೆ. ಬಸುರಿ ಅಂತ ಮೊದಲೇ ಹೇಳಿ, ಹೊಟ್ಟೆಯ ಹತ್ತಿರ ಮೆಲ್ಲಗೆ ನೋಡುತ್ತಾರೆ.

ಆಕಾಶದಲ್ಲಿ ನೆಲಕ್ಕಿಂತ ವಿಕಿರಣ ಜಾಸ್ತಿ ಇರುವುದು ನಿಜ. ಆದರೆ ಬಸುರಿನ ಅಷ್ಟೂ ಕಾಲಕ್ಕೆ ಸುರಕ್ಷಿತ ಅಂತ ಇಟ್ಟಿರುವ ಮಿತಿಯಲ್ಲಿ, ಅತಿ ಉದ್ದದ ಒಂದು ಪ್ರಯಾಣ ತಿನ್ನುವುದು ಹೆಚ್ಚೆಂದರೆ ನೂರಕ್ಕೆ 15 ಪಾಲು. ಒಂದೆರಡು ಸಲ ಹೋಗಿ ಬರುವವರು ತಲೆ ಕೆಡಿಸಿಕೊಳ್ಳಬೇಕಿಲ್ಲ. ಗಗನಸಖಿಯರು, ಪೈಲಟ್‌ಗಳು, ಕೆಲಸಕ್ಕಾಗಿ ತಿಂಗಳಿಗೆ ಹಲವು ಸಲ ಹಾರುವವರು ಮಾತ್ರ ಲೆಕ್ಕ ಇಡಬೇಕು.

ಮಡಿಲಕ್ಕಿ, ತೆಂಗಿನಕಾಯಿ, ಬಳೆ ಎಲ್ಲಾ ತೆಗೆದುಕೊಂಡು ಹೋಗಬಹುದಾ?

ಅಕ್ಕಿ, ಅರಿಶಿನ, ಎಲೆ ಅಡಿಕೆ ದೇಶದೊಳಗಿನ ವಿಮಾನಕ್ಕೆ ಸರಿ. ಒಣಕೊಬ್ಬರಿ ಮಾತ್ರ ಹೋಗುವುದಿಲ್ಲ. ಅದರಲ್ಲಿರುವ ಎಣ್ಣೆ ಬೆಂಕಿಗೆ ದಾರಿ ಅಂತ ಅಪಾಯದ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ಮಡಿಲು ತುಂಬಿದ ಸೀರೆಯ ಗಂಟನ್ನು ಹಾಗೇ ಸೂಟ್‌ಕೇಸಿಗೆ ಹಾಕಿದರೆ, ಆಮೇಲೆ ಹೆಸರು ಕರೆದು ಬ್ಯಾಗು ಬಿಚ್ಚಿಸಿ, ಕೊಬ್ಬರಿ ಗಿಟುಕನ್ನು ಹೊರಗೆ ತೆಗೆಸುತ್ತಾರೆ. ತಾಯಿ ಕಣ್ಣಲ್ಲಿ ನೀರು, ಅಪಶಕುನ ಅಂತ ಒಂದು ಮಾತು ಬೇರೆ. ಮನೆಯಲ್ಲೇ ತೆಗೆದಿಟ್ಟು ಬನ್ನಿ.

ಗಾಜಿನ ಬಳೆಗೆ ಮಷೀನು ಕೂಗುವುದಿಲ್ಲ. ಆದರೆ ಹಸಿರು ಬಳೆಗಳನ್ನು ಬಿಗಿಯಾಗಿ ತೊಡಿಸಿಕೊಂಡು ದೂರ ಹೋಗಬೇಡಿ. ಗಂಟೆಗಟ್ಟಲೆ ಕೂತರೆ ಕೈ ಕಾಲು ಊದಿಕೊಳ್ಳುತ್ತವೆ. ಉಂಗುರ, ಕಾಲುಂಗುರ ಬಿಗಿಯಾಗಿದ್ದರೆ ಹಿಂದಿನ ದಿನವೇ ಸಡಿಲ ಮಾಡಿಕೊಳ್ಳಿ. ಬೆರಳು ಊದಿದ ಮೇಲೆ ಸೋಪು ಹಚ್ಚಿದರೂ ಬರುವುದಿಲ್ಲ.

ಯಾವ ಸೀಟು ಒಳ್ಳೆಯದು? ಬೆಲ್ಟ್ ಹೇಗೆ ಹಾಕಬೇಕು?

ನಡುದಾರಿಯ ಪಕ್ಕದ ಸೀಟು. ಕಿಟಕಿ ಆಸೆ ಬಿಡಿ. ಗಂಟೆಗೆ ಎರಡು ಸಲ ಟಾಯ್ಲೆಟ್ಟಿಗೆ ಏಳಬೇಕಾದಾಗ ಪಕ್ಕದ ಇಬ್ಬರನ್ನು ಎಬ್ಬಿಸುವುದು ಕಿರಿಕಿರಿ. ತುರ್ತು ಬಾಗಿಲಿನ ಸಾಲಿನಲ್ಲಿ ಕಾಲು ಚಾಚಲು ಜಾಗ ಇರುತ್ತದೆ ನಿಜ, ಆದರೆ ಅಲ್ಲಿ ಬಸುರಿಯರನ್ನು ಕೂರಿಸುವುದಿಲ್ಲ. ದುಡ್ಡು ಕೊಟ್ಟು ಆ ಸೀಟು ಹಿಡಿದರೂ ಎಬ್ಬಿಸುತ್ತಾರೆ.

ಬೆಲ್ಟ್ ಹೊಟ್ಟೆಯ ಕೆಳಗೆ, ಸೊಂಟದ ಮೂಳೆಗೆ ತಾಗಿ ಬರಬೇಕು. ಹೊಟ್ಟೆಯ ಮೇಲೆ ಬೇಡ. ಸಾಲದಿದ್ದರೆ ಉದ್ದ ಮಾಡುವ ತುಂಡು ಬೆಲ್ಟ್ ಕೇಳಿ, ಕೊಡುತ್ತಾರೆ. ಕೂತಷ್ಟು ಹೊತ್ತೂ ಹಾಕಿಕೊಂಡೇ ಇರಿ. ವಿಮಾನ ಹೇಳದೆ ಕೇಳದೆ ಕುಲುಕುತ್ತದೆ.

ಕಾಲು ಊದಿದರೆ ಭಯಪಡಬೇಕಾ?

ಎರಡೂ ಕಾಲು ಸಮನಾಗಿ ಊದಿ, ಮಲಗಿ ಎದ್ದರೆ ಇಳಿದರೆ ಸಾಮಾನ್ಯ. ಒಂದೇ ಕಾಲು ಊದಿ, ಮೀನಖಂಡ ನೋಯುತ್ತಾ ಬೆಚ್ಚಗೆ, ಕೆಂಪಗೆ ಆದರೆ ಆಸ್ಪತ್ರೆಗೆ ಹೋಗಿ. ಉಸಿರು ಸಿಕ್ಕಿಕೊಂಡ ಹಾಗಾದರೆ, ಎದೆ ನೋವು ಬಂದರೆ ಕೂಡಲೇ ಹೋಗಿ. ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಇರಬಹುದು. ಬಸುರಿನಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಮೊದಲೇ ಜಾಸ್ತಿ, ಅದರ ಮೇಲೆ ನಾಲ್ಕು ಗಂಟೆಗಿಂತ ಹೆಚ್ಚು ಕಾಲು ಮಡಚಿ ಕೂತರೆ ಇನ್ನೂ ಜಾಸ್ತಿ. ಪ್ರಯಾಣ ಮುಗಿದು ಕೆಲವು ವಾರ ಆದಮೇಲೂ ಕಾಣಿಸಿಕೊಳ್ಳಬಹುದು. ವಿಮಾನ ಪ್ರಯಾಣದಲ್ಲಿ ನಿಜವಾಗಿ ಹೆದರಬೇಕಾದ ವಿಷಯ ಅಂದರೆ ಇದೇ, ಆದರೆ ಇದನ್ನು ಕೇಳುವವರೇ ಕಮ್ಮಿ. ಎಲ್ಲರೂ ಕೇಳುವುದು ವಿಕಿರಣದ ಬಗ್ಗೆ!

ಮಾಡಬೇಕಾದ್ದು ಸರಳ. ಗಂಟೆಗೊಮ್ಮೆ ಎದ್ದು ಹಿಂದೆ ಮುಂದೆ ನಡೆಯಿರಿ. ಕೂತಲ್ಲೇ ಹಿಮ್ಮಡಿ ಊರಿ ಬೆರಳು ಎತ್ತಿ, ಬೆರಳು ಊರಿ ಹಿಮ್ಮಡಿ ಎತ್ತಿ, ಪಾದ ತಿರುಗಿಸಿ. ನೀರು ಕುಡಿಯುತ್ತಾ ಇರಿ, ವಿಮಾನದೊಳಗಿನ ಗಾಳಿ ಒಣ ಒಣ. ದೂರದ ಪ್ರಯಾಣಕ್ಕೆ ಅಳತೆ ಸರಿಯಾದ ಕಂಪ್ರೆಷನ್ ಸ್ಟಾಕಿಂಗ್ಸ್, ಅಂದರೆ ಕಾಲನ್ನು ಬಿಗಿಯಾಗಿ ಹಿಡಿಯುವ ಉದ್ದ ಕಾಲುಚೀಲ, ಹಾಕಿಕೊಳ್ಳಿ. ಮಂಡಿಯವರೆಗಿನದು ಸಾಕು. ಹಿಂದೆ ರಕ್ತ ಹೆಪ್ಪುಗಟ್ಟಿದ್ದವರಿಗೆ, ತೂಕ ಬಹಳ ಇರುವವರಿಗೆ ಡಾಕ್ಟರ್ ಹೆಪರಿನ್ ಇಂಜೆಕ್ಷನ್ ಕೊಡಬಹುದು. ಯಾರೋ ಹೇಳಿದರು ಅಂತ ಆಸ್ಪಿರಿನ್ ನುಂಗಬೇಡಿ.

ಊಟ ತಿಂಡಿ?

ಎತ್ತರಕ್ಕೆ ಹೋದ ಹಾಗೆ ಹೊಟ್ಟೆಯೊಳಗಿನ ಗಾಳಿಯೂ ಹಿಗ್ಗುತ್ತದೆ. ಮಗುವಿಗೇ ಜಾಗ ಸಾಲದೆ ಇರುವಾಗ ಇದು ದೊಡ್ಡ ಹಿಂಸೆ. ಹಿಂದಿನ ರಾತ್ರಿ ಅವರೆಕಾಳು, ಕಡಲೆ, ಎಲೆಕೋಸು ಬೇಡ, ಸೋಡಾ ಬೇಡ. ಅವಲಕ್ಕಿ, ಚಪಾತಿ, ಬಾಳೆಹಣ್ಣು, ಮಂಡಕ್ಕಿ ಜೊತೆಗಿರಲಿ. ವಾಂತಿ ಇರುವವರು ತೀರಾ ಖಾಲಿ ಹೊಟ್ಟೆಯಲ್ಲಿ ಹತ್ತಬೇಡಿ, ವಾಂತಿ ಮಾತ್ರೆ ಯಾವುದು ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಶುಗರ್ ಇದ್ದು ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಕೈಚೀಲದಲ್ಲೇ ಇಡಿ, ಕೆಳಗಿನ ಲಗೇಜು ಜಾಗದಲ್ಲಿ ಹೆಪ್ಪುಗಟ್ಟಬಹುದು.

ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನ ಒಳ್ಳೆಯದಾ, ರೈಲಾ, ಕಾರಾ?

ಟಿಕೆಟ್ ಮಾರುವವರಾಗಿಯೂ ಹೇಳುತ್ತೇವೆ, ಎಲ್ಲರಿಗೂ ವಿಮಾನವೇ ಒಳ್ಳೆಯದಲ್ಲ. ಹಾರುವುದು ಒಂದು ಗಂಟೆಯ ಆಚೆ ಈಚೆ. ಆದರೆ ನಿಮ್ಮ ಮನೆ ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದರೆ ದೇವನಹಳ್ಳಿಯ ಏರ್‌ಪೋರ್ಟ್ ಮುಟ್ಟಲೇ ಎರಡು ಗಂಟೆ, ಅಲ್ಲಿ ಕಾಯುವುದು ಇನ್ನೆರಡು. ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ರೈಲಿಗಿಂತ ಅಂಥಾ ಉಳಿತಾಯವೇನೂ ಇಲ್ಲ. 2023ರ ಜೂನ್‌ನಲ್ಲಿ ಶುರುವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ಹುಬ್ಬಳ್ಳಿ ಮೇಲೆಯೇ ಹೋಗುತ್ತದೆ. ರೈಲಿನಲ್ಲಿ ಬೇಕೆಂದಾಗ ಏಳಬಹುದು, ನಡೆಯಬಹುದು. ರಾತ್ರಿ ರೈಲಾದರೆ ಬಸುರಿಯರಿಗೆ ಕೆಳಗಿನ ಬರ್ತ್‌ನ ಕೋಟಾ ಇದೆ. ಕಾರು ಮೂರನೆಯ ಆಯ್ಕೆ, ಎರಡು ಗಂಟೆಗೊಮ್ಮೆ ನಿಲ್ಲಿಸುವ ತಾಳ್ಮೆ ಓಡಿಸುವವರಿಗೆ ಇದ್ದರೆ ಮಾತ್ರ.

ಬೆಳಗಾವಿ ಕಡೆಗಾದರೆ ವಿಮಾನಕ್ಕೆ ಬೆಲೆ ಬರುತ್ತದೆ. ದೆಹಲಿ, ಮುಂಬೈಗೆ ಕೇಳುವುದೇ ಬೇಡ.

ವಿಮಾನದಲ್ಲೇ ಹೆರಿಗೆ ನೋವು ಬಂದರೆ?

ಕೂಡಲೇ ಸಿಬ್ಬಂದಿಗೆ ಹೇಳಿ. ನೀರು ಹೋದರೆ, ಬ್ಲೀಡಿಂಗ್ ಆದರೆ, ನೋವು ಬಿಟ್ಟು ಬಿಟ್ಟು ಹತ್ತಿರ ಹತ್ತಿರ ಬರುತ್ತಿದ್ದರೆ ಇನ್ನೇನು ಇಳಿಯುತ್ತೇವಲ್ಲ ಅಂತ ಹಲ್ಲುಕಚ್ಚಿ ಕೂರಬೇಡಿ. ವಿಮಾನದಲ್ಲಿ ಡಾಕ್ಟರ್ ಇದ್ದಾರಾ ಅಂತ ಕೂಗಿ ಕೇಳುತ್ತಾರೆ, ಬೇಕಾದರೆ ಹತ್ತಿರದ ಏರ್‌ಪೋರ್ಟಿನಲ್ಲಿ ಇಳಿಸುತ್ತಾರೆ.

ಅಪರೂಪಕ್ಕೆ ಆಗುತ್ತದೆ. 2020ರ ಅಕ್ಟೋಬರ್ 7ರಂದು ದೆಹಲಿಯಿಂದ ಬೆಂಗಳೂರಿಗೆ ಬರುತ್ತಿದ್ದ ಇಂಡಿಗೋ ವಿಮಾನದಲ್ಲಿ ದಿನ ತುಂಬುವ ಮೊದಲೇ ಗಂಡು ಮಗು ಹುಟ್ಟಿತು. 2021ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಜೈಪುರಕ್ಕೆ ಹೊರಟ ವಿಮಾನದಲ್ಲಿ ಹೆಣ್ಣು ಮಗು ಹುಟ್ಟಿತು. ಎರಡರಲ್ಲೂ ಅದೃಷ್ಟಕ್ಕೆ ಪ್ರಯಾಣಿಕರಲ್ಲೇ ಡಾಕ್ಟರ್ ಇದ್ದರು. ಪ್ರತಿ ಸಲ ಇರುತ್ತಾರೆ ಅಂತ ಯಾರು ಹೇಳುತ್ತಾರೆ?

ಜೊತೆಗೇ ಬರುವ ಇನ್ನೊಂದು ಪ್ರಶ್ನೆ, ಆಕಾಶದಲ್ಲಿ ಹುಟ್ಟಿದ ಮಗು ಯಾವ ದೇಶದ್ದು? ನಮ್ಮ 1955ರ ಪೌರತ್ವ ಕಾಯ್ದೆಯ ಪ್ರಕಾರ ಭಾರತದಲ್ಲಿ ನೋಂದಣಿಯಾದ ವಿಮಾನದಲ್ಲಿ ಹುಟ್ಟಿದರೆ ಭಾರತದಲ್ಲಿ ಹುಟ್ಟಿದ ಹಾಗೇ ಲೆಕ್ಕ.

ಹೊರದೇಶಕ್ಕೆ ಹೋಗುವಾಗ ಬೇರೆ ಏನು ನೋಡಬೇಕು?

ಇನ್ಶೂರೆನ್ಸ್ ಮೊದಲು. ಟ್ರಾವೆಲ್ ಇನ್ಶೂರೆನ್ಸ್ ಇದೆ ಅಂತ ಧೈರ್ಯವಾಗಿ ಹೊರಡುತ್ತಾರೆ, ಅದರಲ್ಲಿ ಹೆರಿಗೆಯ ಖರ್ಚು ಸಾಮಾನ್ಯವಾಗಿ ಸೇರಿರುವುದೇ ಇಲ್ಲ. ಕೆಲವು ಪಾಲಿಸಿಗಳು ಇಂತಿಷ್ಟು ವಾರದವರೆಗೆ ತುರ್ತು ತೊಂದರೆಗೆ ಮಾತ್ರ ಕೊಡುತ್ತವೆ. ಏಜೆಂಟರ ಬಾಯಿಮಾತು ಬಿಟ್ಟು ಪಾಲಿಸಿಯ ಕಾಗದದಲ್ಲಿ ಆ ಸಾಲು ತೋರಿಸಿ ಅನ್ನಿ.

ಅಮೆರಿಕಕ್ಕೆ ವಿಸಿಟರ್ ವೀಸಾ ಕೇಳುವವರು ತಿಳಿದಿರಲಿ: 2020ರ ಜನವರಿಯಿಂದ, ಮಗುವಿಗೆ ಪೌರತ್ವ ಸಿಗಲಿ ಅಂತಲೇ ಹೆರಿಗೆಗೆ ಹೋಗುತ್ತಿದ್ದಾರೆ ಎಂದು ಅಧಿಕಾರಿಗೆ ಅನಿಸಿದರೆ ವೀಸಾ ನಿರಾಕರಿಸುವ ನಿಯಮ ಇದೆ. ಸುಳ್ಳು ಹೇಳಬೇಡಿ, ಮುಂದಿನ ವೀಸಾಗಳಿಗೂ ಏಟು.

ಕೆನ್ಯಾ, ಉಗಾಂಡಾದಂಥ ಕಡೆ ಕೆಲಸದಲ್ಲಿರುವವರಿಗೆ ಹಳದಿ ಜ್ವರದ ಲಸಿಕೆಯ ತೊಡಕು. ಅದು ಜೀವಂತ ವೈರಸ್ಸಿನ ಲಸಿಕೆ, ಬಸುರಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಅಲ್ಲಿಂದ ಭಾರತಕ್ಕೆ ಬರುವಾಗ ಅದರ ಕಾರ್ಡು ಕೇಳುತ್ತಾರೆ. ಲಸಿಕೆ ಆಗಿರದಿದ್ದರೆ ಡಾಕ್ಟರಿಂದ ವಿನಾಯಿತಿ ಪತ್ರ ಬರೆಸಿಕೊಳ್ಳಬೇಕು. ಮಲೇರಿಯಾ, ಝಿಕಾ ಇರುವ ಕಡೆಗೆ ಹೋಗುವುದನ್ನು ಮುಂದೂಡುವುದೇ ವಾಸಿ. ಸೊಳ್ಳೆಗಳ ವಿಷಯದಲ್ಲಿ ನಾವೂ ಬೀಗುವ ಹಾಗಿಲ್ಲ, 2022ರ ಕೊನೆಯಲ್ಲಿ ನಮ್ಮ ರಾಯಚೂರು ಜಿಲ್ಲೆಯಲ್ಲೇ ಝಿಕಾ ಸಿಕ್ಕಿತ್ತು.

ಯುಎಇಗೆ ಮಾತ್ರೆ ಒಯ್ಯುವವರು ಡಾಕ್ಟರ ಚೀಟಿ ಜೊತೆಗಿಡಿ. ಕೋಡೀನ್, ಟ್ರಮಡಾಲ್ ಇರುವ ನೋವಿನ ಮಾತ್ರೆಗೆ ಅಲ್ಲಿ ಮೊದಲೇ ಅನುಮತಿ ಬೇಕು.

ಹೆರಿಗೆಯಾದ ಮೇಲೆ ಎಷ್ಟು ದಿನಕ್ಕೆ ಮಗುವನ್ನು ಕರೆದುಕೊಂಡು ವಾಪಸ್ ಹೋಗಬಹುದು?

ಏರ್‌ಲೈನ್ ಲೆಕ್ಕದಲ್ಲಿ ಬಹಳ ಕಡೆ ಮಗುವಿಗೆ ಏಳು ದಿನ ತುಂಬಿದ್ದರೆ ಸಾಕು. ಆದರೆ ಏಳು ದಿನಕ್ಕೆ ಬಾಣಂತಿಯನ್ನು ಯಾರು ಕಳಿಸುತ್ತಾರೆ ಹೇಳಿ! ಸಿಸೇರಿಯನ್ ಆಗಿದ್ದರೆ ಹೊಲಿಗೆ ನೋಡಿ ಡಾಕ್ಟರ್ ಹೂಂ ಅನ್ನಬೇಕು. ಇನ್ನೊಂದು ಮಾತು, ರಕ್ತ ಹೆಪ್ಪುಗಟ್ಟುವ ಅಪಾಯ ಹೆರಿಗೆಯ ನಂತರದ ಮೊದಲ ಆರು ವಾರದಲ್ಲಿ ಬಸುರಿನ ಕಾಲಕ್ಕಿಂತಲೂ ಜಾಸ್ತಿ. ದೂರದ ಪ್ರಯಾಣ ಅಷ್ಟು ದಿನ ತಡೆ ಹಿಡಿದರೆ ಒಳ್ಳೆಯದು. ಬಾಣಂತನಕ್ಕೆ ತವರಿನಲ್ಲಿ ಉಳಿಸಿಕೊಳ್ಳುವ ನಮ್ಮ ಪದ್ಧತಿ ಇಲ್ಲಿ ಸಹಾಯಕ್ಕೆ ಬರುತ್ತದೆ.

ಹೊರದೇಶಕ್ಕೆ ವಾಪಸ್ ಹೋಗುವವರಿಗೆ ಕಾಗದಗಳೇ ತಡ ಮಾಡುವುದು. ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು, ಆಸ್ಪತ್ರೆ ಕಳಿಸಿದೆಯಾ ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ. ಪ್ರಮಾಣಪತ್ರದಲ್ಲಿ ಅಪ್ಪ ಅಮ್ಮನ ಹೆಸರು ಅವರವರ ಪಾಸ್‌ಪೋರ್ಟಿನಲ್ಲಿರುವ ಹಾಗೇ, ಅಕ್ಷರ ಅಕ್ಷರ ಹೊಂದಬೇಕು. ಇನಿಷಿಯಲ್ ಒಂದು ಹಿಂದೆ ಮುಂದೆ ಆದರೂ ತಿದ್ದಿಸಲು ವಾರಗಟ್ಟಲೆ ಅಲೆದಾಟ. ಆಮೇಲೆ ಮಗುವಿಗೇ ಬೇರೆ ಪಾಸ್‌ಪೋರ್ಟ್, ಅದಕ್ಕೆ ಅಪ್ಪ ಅಮ್ಮ ಇಬ್ಬರ ಒಪ್ಪಿಗೆ. ಅಪ್ಪ ದುಬೈನಲ್ಲಿದ್ದರೆ ಅವರ ಒಪ್ಪಿಗೆಯ ಕಾಗದಕ್ಕೆ ಏನು ಬೇಕು ಅಂತ ಹೆರಿಗೆಗೆ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಬಂದ ಮೇಲೆ ವೀಸಾ. ಇಷ್ಟೆಲ್ಲಾ ಕೈಗೆ ಬಂದ ಮೇಲೆ ಟಿಕೆಟ್ ಮಾಡಿ, ಅದಕ್ಕೆ ಮೊದಲು ಬೇಡ. ಇಳಿಯುವಾಗ ಮಗುವಿನ ಕಿವಿ ಕಟ್ಟಿ ಅಳುತ್ತದೆ, ಆ ಹೊತ್ತಿಗೆ ಸರಿಯಾಗಿ ಹಾಲು ಕುಡಿಸಿ.